ಇಂಧನ ಮುಗಿದು ಇಳಿದ ವಿಮಾನ: ದೋಷವನ್ನು ಎಲ್ಲಿಂದ ಹುಡುಕಬೇಕು?

ಪ್ರಯಾಣಿಕ ವಿಮಾನವೊಂದರ ಎರಡೂ ಎಂಜಿನ್‌ಗಳು ಇಂಧನವಿಲ್ಲದೆ ನಿಂತು ಅದು ಬಲವಂತವಾಗಿ ಇಳಿಯಬೇಕಾದಾಗ, ಖಾಲಿ ಟ್ಯಾಂಕನ್ನೇ ದೋಷವೆಂದು ಬರೆದುಕೊಳ್ಳುವುದು ಸುಲಭ. ಆದರೆ ಅಷ್ಟರಿಂದ ಏನೂ ತಿಳಿಯುವುದಿಲ್ಲ. ದೋಷವು ಅದಕ್ಕಿಂತ ಗಂಟೆಗಳ ಮೊದಲು, ಕೆಲವೊಮ್ಮೆ ದಿನಗಳ ಮೊದಲೇ ಹುಟ್ಟಿರುತ್ತದೆ. ಇಂಧನ ಹೊರಗೆ ಸೋರಿರುತ್ತದೆ, ಇಲ್ಲವೇ ಯೋಜನೆಯ ಲೆಕ್ಕ ಮೀರಿ ಉರಿದಿರುತ್ತದೆ, ಇಲ್ಲವೇ ಹೊರಡುವಾಗಲೇ ಟ್ಯಾಂಕಿನಲ್ಲಿ ಅಷ್ಟು ಇರುವುದಿಲ್ಲ. ಮೂರರಲ್ಲಿ ಯಾವುದು ಎಂಬುದನ್ನು ಹಾರಾಟದ ನಡುವೆಯೇ ಬೇರ್ಪಡಿಸಬಹುದೇ, ಬೇರ್ಪಡಿಸುವ ಮುನ್ನ ಯಾವ ಸ್ವಿಚ್ಚನ್ನು ಮುಟ್ಟಬಾರದು ಎಂಬುದು ಈ ಬರಹದ ವಿಷಯ. ಇದಕ್ಕೆ ಮುಖ್ಯ ಆಧಾರವಾಗಿ 2001ರ ಆಗಸ್ಟ್ 24ರಂದು ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟು, ಅಟ್ಲಾಂಟಿಕ್ ಸಾಗರದ ನಡುವಿನ ಅಜೋರ್ಸ್ ದ್ವೀಪಸಮೂಹದ ಲಾಜೆಸ್ ವಾಯುನೆಲೆಯಲ್ಲಿ ಎಂಜಿನ್‌ಗಳಿಲ್ಲದೆ ಇಳಿದ ಏರ್ ಟ್ರಾನ್ಸಾಟ್ 236 ವಿಮಾನವನ್ನು ತೆಗೆದುಕೊಂಡಿದ್ದೇನೆ. ಅದು ಏರ್‌ಬಸ್ ಎ330. ಅದರಲ್ಲಿ 293 ಪ್ರಯಾಣಿಕರೂ 13 ಸಿಬ್ಬಂದಿಯೂ ಇದ್ದರು.

ವಿಮಾನ ನಿರ್ವಹಣೆಯ ವಿದ್ಯಾರ್ಥಿಗಳಿಗೂ ಈ ವಿಷಯದಲ್ಲಿ ಆಸಕ್ತಿ ಇರುವ ಸಾಮಾನ್ಯ ಓದುಗರಿಗೂ ವಿಚಾರದ ಜಾಡು ತಿಳಿಯಲೆಂದು ಇದನ್ನು ಬರೆದದ್ದು. ವಿಮಾನದ ಜೊತೆ ಬರುವ ಅಧಿಕೃತ ಕೈಪಿಡಿಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬಾರದು.

ಮೊದಲು ಕೂಡಿ ನೋಡಬೇಕಾದ ಲೆಕ್ಕ

ಹೊರಡುವಾಗ ಟ್ಯಾಂಕುಗಳಲ್ಲಿ ಇದ್ದ ಇಂಧನದ ತೂಕ ಒಂದು ಸಂಖ್ಯೆ. ಈಗ ಉಳಿದಿರುವ ತೂಕ ಇನ್ನೊಂದು. ಎಂಜಿನ್‌ಗಳು ಇದುವರೆಗೆ ಉರಿಸಿದ ತೂಕ ಮೂರನೆಯದು. ಈ ಮೂರೂ ಕಾಕ್‌ಪಿಟ್‌ನಲ್ಲಿ ಸಿಗುತ್ತವೆ. ಉಳಿದದ್ದಕ್ಕೆ ಉರಿದದ್ದನ್ನು ಕೂಡಿಸಿದರೆ ಹೊರಟಾಗ ಇದ್ದದ್ದು ಬರಬೇಕು. ಮಾಪಕಗಳ ಸಣ್ಣಪುಟ್ಟ ತಪ್ಪಿನಿಂದ ಸ್ವಲ್ಪ ವ್ಯತ್ಯಾಸ ಬರುವುದು ಸಹಜವಾದ್ದರಿಂದ ಒಂದು ಸಲದ ಮೊತ್ತವನ್ನು ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಡಿದಾಗ ಕೊರತೆ ಬೆಳೆದಿದ್ದರೆ, ಇಂಧನ ಎಂಜಿನ್‌ನೊಳಗೆ ಉರಿಯದೆ ಬೇರೆಲ್ಲೋ ಹೋಗುತ್ತಿದೆ ಎಂದೇ ತಿಳಿಯಬೇಕು. ಉದಾಹರಣೆಗೆ 40 ಟನ್ ಹೊತ್ತು ಹೊರಟ ವಿಮಾನ 22 ಟನ್ ಉರಿಸಿದೆ ಎಂದು ಒಂದು ಪರದೆ ಹೇಳುತ್ತಿರುವಾಗ, ಇನ್ನೊಂದು ಪರದೆಯಲ್ಲಿ 18ರ ಬದಲು 13 ಉಳಿದಿದ್ದರೆ, ಆ 5 ಟನ್‌ಗೆ ಉತ್ತರ ಸಿಗುವ ತನಕ ಬೇರಾವ ಕೆಲಸಕ್ಕೂ ಕೈ ಹಾಕಬಾರದು.

ಮೊತ್ತ ಸರಿಯಾಗಿಯೇ ಬಂದು, ಇಂಧನ ಮಾತ್ರ ಯೋಜನೆಗಿಂತ ಬೇಗ ಇಳಿಯುತ್ತಿದ್ದರೆ, ಎಂಜಿನ್‌ಗಳು ನಿಜವಾಗಿಯೂ ಹೆಚ್ಚು ಉರಿಸುತ್ತಿವೆ. ಮೊತ್ತವೂ ಸರಿ, ಉರಿಯುವ ವೇಗವೂ ಸರಿ ಎಂದು ಕಂಡರೂ ಅನುಮಾನ ಉಳಿದರೆ, ಹೊರಟಾಗ ಇತ್ತೆಂದುಕೊಂಡ ಸಂಖ್ಯೆಯೇ ತಪ್ಪಿರಬಹುದು. ಆಗ ಮಾಪಕವನ್ನು ಬಿಟ್ಟು ಇಂಧನ ತುಂಬಿದ ರಸೀದಿಯ ಕಡೆಗೆ ಹೋಗಬೇಕು.

ಈ ಲೆಕ್ಕಕ್ಕೆ ಒಂದು ಮಿತಿಯಿದೆ. ಉರಿದ ಇಂಧನವನ್ನು ಎಣಿಸುವ ಹರಿವಿನ ಮಾಪಕ ಎಂಜಿನ್‌ನ ಇಂಧನ ಮಾರ್ಗದಲ್ಲಿ ಒಂದು ನಿರ್ದಿಷ್ಟ ಜಾಗದಲ್ಲಿ ಇರುತ್ತದೆ. ಸೋರಿಕೆ ಆ ಮಾಪಕಕ್ಕಿಂತ ಮುಂಚೆ, ಅಂದರೆ ಟ್ಯಾಂಕಿನ ಕಡೆಗೆ ಇದ್ದರೆ ಸೋರಿದ್ದು ಎಣಿಕೆಗೆ ಸಿಗುವುದಿಲ್ಲ, ಮೊತ್ತದಲ್ಲಿ ಕೊರತೆ ಕಾಣುತ್ತದೆ. ಮಾಪಕ ದಾಟಿದ ಮೇಲೆ ಸೋರುತ್ತಿದ್ದರೆ ಸೋರಿದ್ದನ್ನೂ ಉರಿದದ್ದೆಂದೇ ಮಾಪಕ ಎಣಿಸುವುದರಿಂದ ಮೊತ್ತ ಸರಿಯಾಗಿ ಬರುತ್ತದೆ; ಅಂಥ ಸೋರಿಕೆಯನ್ನು ಹಿಡಿಯಲು, ಒಂದೇ ಶಕ್ತಿಯಲ್ಲಿ ನಡೆಯುತ್ತಿರುವ ಎರಡು ಎಂಜಿನ್‌ಗಳ ಹರಿವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದರ ಹರಿವು ಮತ್ತೊಂದಕ್ಕಿಂತ ಕಾರಣವಿಲ್ಲದೆ ಹೆಚ್ಚಿದ್ದರೆ ಆ ಬದಿಯನ್ನು ಶಂಕಿಸಬೇಕು.

ಮೊದಲ ಲಕ್ಷಣ ಇಂಧನದಲ್ಲಿ ಕಾಣಿಸದಿದ್ದಾಗ

ಏರ್ ಟ್ರಾನ್ಸಾಟ್ 236 ಹೊರಟಾಗ ಅದರಲ್ಲಿ 46.9 ಟನ್ ಇಂಧನವಿತ್ತು. ನಿಯಮ ಕೇಳುವುದಕ್ಕಿಂತ ಅದು ಹಲವು ಟನ್ ಹೆಚ್ಚೇ. ಹಾರಾಟ ದಾಖಲೆಯ ಪ್ರಕಾರ ಸೋರಿಕೆ ಆರಂಭವಾದದ್ದು ಅಂತರರಾಷ್ಟ್ರೀಯ ಸಮಯ 04:38ರ ಸುಮಾರಿಗೆ. ಆದರೆ ಚಾಲಕರ ಕಣ್ಣಿಗೆ ಮೊದಲು ಬಿದ್ದದ್ದು ಐದು ಗಂಟೆಯ ಹೊತ್ತಿಗೆ, ಅದೂ ಕಾಕ್‌ಪಿಟ್ ಪರದೆಯ ಇಂಧನದ ಪುಟದಲ್ಲಿ ಅಲ್ಲ, ಎಂಜಿನ್ ಪುಟದಲ್ಲಿ: ಬಲಗಡೆಯ ಎಂಜಿನ್‌ನ ತೈಲದ, ಅಂದರೆ ಅದರ ಒಳಭಾಗಗಳನ್ನು ನಯಗೊಳಿಸುವ ಎಣ್ಣೆಯ, ತಾಪಮಾನ ಕಡಿಮೆಯಾಗಿತ್ತು, ಒತ್ತಡ ಹೆಚ್ಚಾಗಿತ್ತು, ತೈಲದ ಪ್ರಮಾಣವೂ ಇಳಿದಂತೆ ತೋರುತ್ತಿತ್ತು. ಇಂಥ ಜೋಡಣೆಯನ್ನು ಅವರು ಹಿಂದೆ ಕಂಡಿರಲಿಲ್ಲ. ಸಂಸ್ಥೆಯ ನಿರ್ವಹಣಾ ನಿಯಂತ್ರಣ ಕೇಂದ್ರವನ್ನು ಕೇಳಿದರೂ ಸಮಾಧಾನಕರ ಉತ್ತರ ಸಿಗಲಿಲ್ಲ, ಹಾಗಾಗಿ ಸೂಚನೆಯೇ ತಪ್ಪಿರಬೇಕೆಂಬ ಅನುಮಾನಕ್ಕೆ ಜಾಗವಾಯಿತು.

ಇಲ್ಲಿ ನಿಂತು ಯೋಚಿಸಬೇಕಾದ ವಿಷಯವಿದೆ. ಒಂದು ಸಂವೇದಕ ಕೆಟ್ಟರೆ ಒಂದು ಸಂಖ್ಯೆ ಕೆಡುತ್ತದೆ. ತಾಪಮಾನ, ಒತ್ತಡ, ಪ್ರಮಾಣ ಮೂರೂ ಬೇರೆ ಬೇರೆ ಸಂವೇದಕಗಳಿಂದ ಬರುವಂಥವು. ಅವು ಮೂರೂ ಒಟ್ಟಿಗೆ, ಅದೂ ಭೌತಿಕ ನಿಯಮಕ್ಕೆ ಹೊಂದುವ ದಿಕ್ಕಿನಲ್ಲೇ ಬದಲಾಗಿದ್ದರೆ, ಮಾಪಕವನ್ನು ಶಂಕಿಸುವುದಕ್ಕಿಂತ ತೈಲ ನಿಜವಾಗಿಯೂ ತಣ್ಣಗಾಗಿದೆ ಎಂದು ನಂಬುವುದೇ ಉಚಿತ. ತಣ್ಣಗಾದ ತೈಲ ಗಟ್ಟಿಯಾಗುತ್ತದೆ, ಗಟ್ಟಿಯಾದ ತೈಲವನ್ನು ತಳ್ಳಲು ಒತ್ತಡ ಏರುತ್ತದೆ. ಹಾಗಾದರೆ ಉಳಿಯುವ ಪ್ರಶ್ನೆ ಒಂದೇ: ಈ ತೈಲವನ್ನು ತಣಿಸುತ್ತಿರುವುದು ಯಾವುದು?

ಉತ್ತರ ಎಂಜಿನ್‌ನ ರಚನೆಯಲ್ಲಿಯೇ ಇದೆ. ಎಂಜಿನ್ ತೈಲದ ಬಿಸಿಯನ್ನು ಇಂಧನಕ್ಕೆ ದಾಟಿಸುವ ಶಾಖ ವಿನಿಮಯಕವೊಂದು ಇರುತ್ತದೆ. ತೈಲ ತಣಿಯುತ್ತದೆ, ಇಂಧನ ಬೆಚ್ಚಗಾಗುತ್ತದೆ. ಸೋರಿಕೆ ಇದ್ದದ್ದು ಈ ವಿನಿಮಯಕ ದಾಟಿದ ಮೇಲಿನ ಕೊಳವೆಯಲ್ಲಿ. ಆದ್ದರಿಂದ ಎಂಜಿನ್ ಉರಿಸುವ ಇಂಧನದ ಜೊತೆಗೆ ಸೋರಿಹೋಗುವ ಇಂಧನವೂ ವಿನಿಮಯಕದ ಮೂಲಕವೇ ಹಾದು, ತೈಲದಿಂದ ಎಂದಿಗಿಂತ ಹೆಚ್ಚು ಬಿಸಿಯನ್ನು ಹೊತ್ತೊಯ್ಯುತ್ತಿತ್ತು. ತೈಲ ವ್ಯವಸ್ಥೆಯಲ್ಲಿ ದೋಷವೇ ಇರಲಿಲ್ಲ. ಅದು ಪಕ್ಕದ ಮನೆಯ ದೋಷವನ್ನು ಹೇಳುತ್ತಿತ್ತು. ಒಂದು ವ್ಯವಸ್ಥೆಯ ಸಂಖ್ಯೆಗಳು ಅಸಹಜವಾದಾಗ ಅದು ಯಾವ ಯಾವ ವ್ಯವಸ್ಥೆಗಳ ಜೊತೆ ಬಿಸಿಯನ್ನೋ ಒತ್ತಡವನ್ನೋ ವಿದ್ಯುತ್ತನ್ನೋ ಹಂಚಿಕೊಳ್ಳುತ್ತದೆ ಎಂದು ನೋಡುವ ಅಭ್ಯಾಸ ನಿರ್ವಹಣಾ ಕೆಲಸದಲ್ಲಿ ಇರುವವರಿಗೆ ಬರಬೇಕಾದದ್ದು ಈ ಕಾರಣಕ್ಕೆ. ನಡುರಾತ್ರಿಯ ಸಾಗರದ ಮೇಲೆ, ಯಾವ ಪರಿಶೀಲನಾ ಪಟ್ಟಿಯಲ್ಲೂ ಬರೆಯದ ಈ ಸಂಬಂಧವನ್ನು ಚಾಲಕರೇ ಹೊಳೆಯಿಸಿಕೊಳ್ಳಬೇಕಿತ್ತು ಎಂದು ಈಗ ಕುಳಿತು ಹೇಳುವುದು ಸುಲಭವೇನೋ ಹೌದು, ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆದರೆ ತೈಲ ವಿಚಿತ್ರವಾಗಿ ಕಂಡಾಗ ಇಂಧನದ ಪುಟವನ್ನು ತೆರೆದು ಮೇಲಿನ ಮೊತ್ತವನ್ನು ಒಮ್ಮೆ ಕೂಡಿ ನೋಡುವುದಕ್ಕೆ ಆ ಸಂಬಂಧ ತಿಳಿದಿರಲೇಬೇಕೆಂದಿಲ್ಲ.

ಲಕ್ಷಣ ತಡವಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಎ330ರ ಬಾಲದ ರೆಕ್ಕೆಯಲ್ಲಿ ಸಮತೋಲನಕ್ಕೆಂದು ಒಂದು ಟ್ಯಾಂಕ್ ಇದೆ. ಅಲ್ಲಿನ ಇಂಧನ ಮುಂದಕ್ಕೆ ಹರಿದು ಬಂದಾಗ ಬಲಬದಿಯ ಕೊರತೆ ಸ್ವಲ್ಪ ಕಾಲ ಮುಚ್ಚಿಹೋಯಿತು. ಸ್ವಯಂಚಾಲಿತವಾಗಿ ಸರಿದೂಗಿಸುವ ಯಾವ ವ್ಯವಸ್ಥೆಯಿದ್ದರೂ ಅದು ದೋಷವನ್ನು ಮರೆಮಾಡಬಲ್ಲದು ಎಂಬುದನ್ನು ಗಮನದಲ್ಲಿಡಬೇಕು.

ಎರಡು ಬದಿಯ ಅಸಮತೋಲನ, ಮತ್ತು ಮುಟ್ಟಬಾರದ ಸ್ವಿಚ್ಚು

05:36ಕ್ಕೆ ಎಡ ಮತ್ತು ಬಲ ರೆಕ್ಕೆಗಳ ಟ್ಯಾಂಕುಗಳ ನಡುವೆ ಇಂಧನದ ಅಸಮತೋಲನವಿದೆ ಎಂಬ ಸೂಚನೆ ಬಂತು. ಇದಕ್ಕೆ ರೂಢಿಯ ಚಿಕಿತ್ಸೆ ಎಂದರೆ ಎರಡೂ ಬದಿಗಳನ್ನು ಜೋಡಿಸುವ ಕ್ರಾಸ್‌ಫೀಡ್ ಕವಾಟವನ್ನು ತೆರೆದು, ಕಡಿಮೆಯಿರುವ ಬದಿಯ ಪಂಪುಗಳನ್ನು ನಿಲ್ಲಿಸಿ, ಹೆಚ್ಚಿರುವ ಬದಿಯಿಂದಲೇ ಎರಡೂ ಎಂಜಿನ್‌ಗಳಿಗೆ ಉಣಿಸುವುದು. ಚಾಲಕರು ಇದನ್ನು ಪಟ್ಟಿ ತೆಗೆದು ಓದದೆ ನೆನಪಿನಿಂದಲೇ ಮಾಡಿದರು. ಮುದ್ರಿತ ಪಟ್ಟಿಯಲ್ಲಿ, ಸೋರಿಕೆಯ ಶಂಕೆಯಿದ್ದರೆ ಇದನ್ನು ಮಾಡದೆ ಇಂಧನ ಸೋರಿಕೆಯ ವಿಧಾನಕ್ಕೆ ಹೋಗಬೇಕೆಂಬ ಎಚ್ಚರಿಕೆ ಇತ್ತು. ಪಟ್ಟಿ ತೆರೆಯದ ಕಾರಣ ಆ ಎಚ್ಚರಿಕೆ ಕಣ್ಣಿಗೆ ಬೀಳಲಿಲ್ಲ. ಸೋರಿಕೆಯಿದ್ದದ್ದು ಬಲ ಎಂಜಿನ್‌ನ ಕೊಳವೆಯಲ್ಲಾದ್ದರಿಂದ, ಕವಾಟ ತೆರೆದ ಕ್ಷಣದಿಂದ ಎಡ ರೆಕ್ಕೆಯ ಒಳ್ಳೆಯ ಇಂಧನವೂ ಅದೇ ಬಿರುಕಿನಿಂದ ಸಾಗರಕ್ಕೆ ಸುರಿಯತೊಡಗಿತು.

ಇಡೀ ಪ್ರಕರಣದ ತಿರುಳು ಇದು ಎಂದು ನಾನು ಎಣಿಸುತ್ತೇನೆ. ಅಸಮತೋಲನ ಎನ್ನುವುದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ಆದರೆ ಪರದೆಯ ಮೇಲೆ ಅದು ರೋಗದ ಹೆಸರಿನಂತೆ ಬರುತ್ತದೆ, ಅದರ ಕೆಳಗೇ ಔಷಧವೂ ಸಿದ್ಧವಾಗಿರುತ್ತದೆ. ಎರಡು ಬದಿಗಳು ಸಮವಿಲ್ಲದಿರುವುದಕ್ಕೆ ಒಂದು ಎಂಜಿನ್ ಸ್ವಲ್ಪ ಹೆಚ್ಚು ಉರಿಸಿದ್ದು ಕಾರಣವಿರಬಹುದು, ಪಂಪು ದುರ್ಬಲವಾಗಿದ್ದಿರಬಹುದು, ಬಾಲದ ಟ್ಯಾಂಕಿನಿಂದ ಬಂದದ್ದು ಒಂದೇ ಕಡೆಗೆ ಹೆಚ್ಚು ಹೋಗಿರಬಹುದು, ಸೋರಿಕೆಯೂ ಇರಬಹುದು. ಮೊದಲ ಮೂರಕ್ಕೆ ಕ್ರಾಸ್‌ಫೀಡ್ ಔಷಧ, ನಾಲ್ಕನೆಯದಕ್ಕೆ ವಿಷ. ಹಾಗಾಗಿ ಮೊತ್ತ ಕೂಡಿ ನೋಡುವ ತನಕ ಕವಾಟ ಮುಚ್ಚಿಯೇ ಇರಬೇಕು. ಕವಾಟ ಮುಚ್ಚಿದ್ದರೆ ಇನ್ನೊಂದು ಪರೀಕ್ಷೆಯೂ ತಾನಾಗಿ ನಡೆಯುತ್ತದೆ: ಎರಡೂ ಬದಿಗಳು ಬೇರೆಯಾಗಿಯೇ ಇರುವುದರಿಂದ, ಯಾವ ಬದಿಯ ಟ್ಯಾಂಕು ತನ್ನ ಎಂಜಿನ್ ಉರಿಸುವುದಕ್ಕಿಂತ ಬೇಗ ಇಳಿಯುತ್ತಿದೆ ಎಂಬುದು ಕೆಲವೇ ನಿಮಿಷಗಳಲ್ಲಿ ಸ್ಪಷ್ಟವಾಗುತ್ತದೆ. ಕವಾಟ ತೆರೆದರೆ ಈ ಸಾಕ್ಷ್ಯವೂ ಕದಡಿಹೋಗುತ್ತದೆ.

ಬದಿ ತಿಳಿದ ಮೇಲೆ ಉಳಿಯುವ ಪ್ರಶ್ನೆ ಸೋರಿಕೆ ಎಂಜಿನ್‌ನಲ್ಲೋ ರೆಕ್ಕೆಯಲ್ಲೋ ಎಂಬುದು. ಆ ಎಂಜಿನ್ನನ್ನು ನಿಲ್ಲಿಸಿ ಅದಕ್ಕೆ ಹೋಗುವ ಇಂಧನ ಕವಾಟವನ್ನು ಮುಚ್ಚಿದಾಗ ಟ್ಯಾಂಕಿನ ಇಳಿತ ನಿಂತರೆ ಸೋರಿಕೆ ಎಂಜಿನ್‌ನದ್ದು. ಆಗ ಉಳಿದ ಇಂಧನವೆಲ್ಲ ಇನ್ನೊಂದು ಎಂಜಿನ್‌ಗೆ ದಕ್ಕುತ್ತದೆ. ಇಳಿತ ನಿಲ್ಲದಿದ್ದರೆ ಟ್ಯಾಂಕಿನಲ್ಲೋ ರೆಕ್ಕೆಯೊಳಗಿನ ಕೊಳವೆಯಲ್ಲೋ ತೂತಾಗಿದೆ. ಸಾಗರದ ನಡುವೆ ಚೆನ್ನಾಗಿ ತಿರುಗುತ್ತಿರುವ ಎಂಜಿನ್ನನ್ನು ಕೈಯಾರೆ ನಿಲ್ಲಿಸುವುದು ಯಾವ ಚಾಲಕನಿಗೂ ಮನಸ್ಸೊಪ್ಪುವ ಕೆಲಸವಲ್ಲ. ಮೊತ್ತದ ಲೆಕ್ಕವನ್ನು ಮೊದಲೇ ಮಾಡಿ ಗಟ್ಟಿಯಾದ ಆಧಾರ ಇಟ್ಟುಕೊಳ್ಳಬೇಕೆನ್ನುವುದು ಅದಕ್ಕಾಗಿಯೇ. ಕಿಟಕಿಯಿಂದ ರೆಕ್ಕೆಯನ್ನು ನೋಡುವುದೂ ಒಂದು ಪರೀಕ್ಷೆ. ಹಗಲಲ್ಲಿ ಎಂಜಿನ್ ಹಿಂದೆ ಬಿಳಿಯ ಎಳೆ ಕಂಡರೆ ಅನುಮಾನ ಉಳಿಯುವುದಿಲ್ಲ. ರಾತ್ರಿಯಲ್ಲಿ ಏನೂ ಕಾಣದಿದ್ದರೆ ಅದರಿಂದ ಸೋರಿಕೆ ಇಲ್ಲವೆಂದು ಸಾಬೀತಾಗುವುದಿಲ್ಲ.

ಇಂಧನ ಇಷ್ಟು ವೇಗವಾಗಿ ಇಳಿಯುವುದು ನಂಬಲಾಗದ ಸಂಗತಿಯಾದ್ದರಿಂದ ಕಂಪ್ಯೂಟರೇ ತಪ್ಪು ತೋರಿಸುತ್ತಿದೆ ಎಂಬ ಅನುಮಾನ ಕ್ಯಾಪ್ಟನ್ ರಾಬರ್ಟ್ ಪಿಷೆ ಮತ್ತು ಸಹಚಾಲಕರನ್ನು ಬಹಳ ಹೊತ್ತು ಬಿಡಲಿಲ್ಲ. ಆದರೂ 05:45ಕ್ಕೆ ಅವರು ಲಾಜೆಸ್ ಕಡೆಗೆ ತಿರುಗಿದರು. ದೋಷ ಯಾವುದೆಂದು ತಿಳಿಯದಿದ್ದಾಗಲೂ ಹತ್ತಿರದ ರನ್‌ವೇ ಕಡೆಗೆ ತಿರುಗುವುದರಿಂದ ನಷ್ಟವಿಲ್ಲ, ಮತ್ತು ಆ ತಿರುವೇ ಎಲ್ಲರನ್ನೂ ಉಳಿಸಿತು. 06:13ಕ್ಕೆ ಬಲ ಎಂಜಿನ್, 06:26ಕ್ಕೆ ಎಡ ಎಂಜಿನ್ ನಿಂತವು. ಆಗ ಲಾಜೆಸ್ ಇನ್ನೂ ಸುಮಾರು 65 ನಾಟಿಕಲ್ ಮೈಲಿ, ಅಂದರೆ 120 ಕಿಲೋಮೀಟರ್ ದೂರದಲ್ಲಿತ್ತು.

ಅಲ್ಲಿಂದ ಮುಂದೆ ಪತ್ತೆಹಚ್ಚುವುದಕ್ಕೆ ಏನೂ ಉಳಿದಿರಲಿಲ್ಲ, ಹಾರಿಸುವುದಷ್ಟೇ ಇತ್ತು. ಎಂಜಿನ್‌ಗಳು ನಿಂತರೆ ಅವು ತಿರುಗಿಸುವ ವಿದ್ಯುಜ್ಜನಕಗಳೂ, ದ್ರವದ ಒತ್ತಡದಿಂದ ನಿಯಂತ್ರಣಗಳನ್ನು ನಡೆಸುವ ಹೈಡ್ರಾಲಿಕ್ ಪಂಪುಗಳೂ ನಿಲ್ಲುತ್ತವೆ. ವಿಮಾನದಿಂದ ಹೊರಬರುವ ಸಣ್ಣ ಗಾಳಿ ಟರ್ಬೈನೊಂದು ಅತ್ಯಗತ್ಯದ ಉಪಕರಣಗಳಿಗೆ ಮಾತ್ರ ಶಕ್ತಿ ಒದಗಿಸುತ್ತದೆ. ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯಲು ರೆಕ್ಕೆಯ ಹಿಂಬದಿಯಿಂದ ಚಾಚುವ ಫ್ಲ್ಯಾಪ್‌ಗಳು ಬರಲಿಲ್ಲ, ಆದ್ದರಿಂದ ಇಳಿಯುವ ವೇಗ ಹೆಚ್ಚಿಯೇ ಇರಬೇಕಿತ್ತು. ವಿಮಾನ 19 ನಿಮಿಷ ತೇಲುತ್ತಾ ಬಂದು, ರನ್‌ವೇ ಬಳಿ ಎತ್ತರ ಹೆಚ್ಚಾಗಿದ್ದರಿಂದ ಒಂದು ಪೂರ್ಣ ಸುತ್ತು ಹಾಕಿ, 06:45ಕ್ಕೆ ಸುಮಾರು 200 ನಾಟ್ ವೇಗದಲ್ಲಿ ನೆಲ ಮುಟ್ಟಿ, ಪುಟಿದು, ಮತ್ತೆ ಕುಳಿತು, ಟೈರುಗಳು ಸಿಡಿದರೂ ರನ್‌ವೇ ಒಳಗೆಯೇ ನಿಂತಿತು. ತೆರವಿನ ವೇಳೆಯ ಗಾಯಗಳನ್ನು ಬಿಟ್ಟರೆ 306 ಮಂದಿಯೂ ಬದುಕಿದರು.

ಸೋರಿಕೆಯಿಲ್ಲದೆ ಬೇಗ ಮುಗಿಯುವ ಇಂಧನ

ಮೊತ್ತ ಸರಿಯಿದ್ದೂ ಇಂಧನ ಇಳಿಯುತ್ತಿದ್ದರೆ ವಿಮಾನದ ಹೊರಗೆ ಏನು ಚಾಚಿಕೊಂಡಿದೆ ಎಂದು ನೋಡಬೇಕು. 1993ರ ನವೆಂಬರ್ 15ರಂದು ಮದ್ರಾಸಿನಿಂದ ಹೈದರಾಬಾದಿಗೆ ಹೋಗಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ300, ಮಬ್ಬಿನಿಂದಾಗಿ ಇಳಿಯಲಾಗದೆ ಮೇಲೇರಿದಾಗ ಫ್ಲ್ಯಾಪ್‌ಗಳು ಪೂರ್ತಿ ಒಳಗೆ ಹೋಗಲಿಲ್ಲ. ಹಾಗೆಯೇ ಮದ್ರಾಸಿನ ಕಡೆಗೆ ಹಿಂದಿರುಗುವಾಗ ಗಾಳಿಯ ಎಳೆತ ಹೆಚ್ಚಾಗಿ, ಇಂಧನ ಸಾಲದೆ, ತಿರುಪತಿ ಸಮೀಪದ ಭತ್ತದ ಗದ್ದೆಯಲ್ಲಿ ಇಳಿಯಬೇಕಾಯಿತು, ಯಾರೂ ಸಾಯಲಿಲ್ಲ. 2000ದ ಜುಲೈ 12ರಂದು ಕ್ರೀಟ್ ದ್ವೀಪದಿಂದ ಹ್ಯಾನೋವರಿಗೆ ಹೊರಟ ಹಪಾಗ್ ಲಾಯ್ಡ್‌ನ ಎ310 ವಿಮಾನದ ಚಕ್ರಗಳು ಪೂರ್ತಿ ಒಳಸೇರದೆ, ಅದು ಚಕ್ರ ಚಾಚಿಕೊಂಡೇ ಹಾರಿ, ವಿಯೆನ್ನಾದ ರನ್‌ವೇ ತಲುಪುವ ಮುನ್ನವೇ ಇಂಧನ ಮುಗಿದು ನೆಲಕ್ಕಿಳಿಯಿತು. ಅಲ್ಲಿಯೂ ಜೀವಹಾನಿಯಾಗಲಿಲ್ಲ. ಎರಡನೆಯದರಲ್ಲಿ ಗಮನಿಸಬೇಕಾದದ್ದು ಹಾರಾಟ ನಿರ್ವಹಣಾ ಕಂಪ್ಯೂಟರಿನ ಮುನ್ನಂದಾಜು: ಚಕ್ರ ಹೊರಗಿರುವುದರ ಎಳೆತವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಇಂಥ ಸ್ಥಿತಿಯಲ್ಲಿ ಗುರಿ ತಲುಪಿದಾಗ ಇಷ್ಟು ಉಳಿಯುತ್ತದೆ ಎಂಬ ಪರದೆಯ ಸಂಖ್ಯೆಯನ್ನು ಬದಿಗಿಟ್ಟು, ಕಳೆದ ನೂರು ಮೈಲಿಗೆ ನಿಜವಾಗಿ ಎಷ್ಟು ಹೋಯಿತು ಎಂಬುದರಿಂದಲೇ ಮುಂದಿನ ದೂರವನ್ನು ಅಳೆಯಬೇಕು.

ಹೊರಡುವಾಗಲೇ ಇಲ್ಲದ ಇಂಧನ

1983ರ ಜುಲೈ 23ರಂದು ಮಾಂಟ್ರಿಯಲ್‌ನಿಂದ ಒಟ್ಟಾವಾ ಮೂಲಕ ಎಡ್ಮಂಟನ್‌ಗೆ ಹೊರಟ ಏರ್ ಕೆನಡಾದ ಬೋಯಿಂಗ್ 767, ನಡುದಾರಿಯಲ್ಲಿ 41,000 ಅಡಿ ಎತ್ತರದಲ್ಲಿ ಇಂಧನ ಮುಗಿಸಿಕೊಂಡು, ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಯಿತು. ಬೆಸುಗೆ ಸರಿಯಿಲ್ಲದೆ ಇಂಧನ ಮಾಪಕದ ಸಂಸ್ಕರಣಾ ಘಟಕ ಕೆಟ್ಟು, ಕಾಕ್‌ಪಿಟ್‌ನ ಮಾಪಕಗಳು ಯಾವ ಅಂಕಿಯನ್ನೂ ತೋರದೆ ಖಾಲಿಯಾಗಿದ್ದವು. ಹಾಗಾಗಿ ಟ್ಯಾಂಕಿನಡಿಯ ಅಳತೆ ಕಡ್ಡಿಯಿಂದ ಇಂಧನವನ್ನು ಅಳೆದರು. ಕಡ್ಡಿಯ ಪ್ರಕಾರ 7,682 ಲೀಟರ್ ಇತ್ತು, ಬೇಕಿದ್ದದ್ದು 22,300 ಕಿಲೋಗ್ರಾಂ. ಒಂದು ಲೀಟರಿಗೆ 0.803 ಕಿಲೋಗ್ರಾಂ ಎಂದು ಗುಣಿಸುವ ಬದಲು, ಒಂದು ಲೀಟರಿಗೆ 1.77 ಪೌಂಡ್ ಎಂಬ ಹಳೆಯ ಗುಣಕವನ್ನೇ ಬಳಸಿದ್ದರಿಂದ 13,597 ಬಂತು, ಅದನ್ನು ಕಿಲೋಗ್ರಾಂ ಎಂದೇ ಓದಿದರು. ನಿಜದಲ್ಲಿ ಇದ್ದದ್ದು 6,169 ಕಿಲೋಗ್ರಾಂ. ಸುಮಾರು 20,000 ಲೀಟರ್ ತುಂಬಬೇಕಿದ್ದ ಕಡೆ 5,000ಕ್ಕೂ ಕಡಿಮೆ ತುಂಬಿದರು. ಗುಣಾಕಾರವನ್ನು ಮತ್ತೆ ಮಾಡಿದರೂ ಅದೇ ತಪ್ಪು ಉತ್ತರ ಬರುತ್ತಿತ್ತು, ಏಕೆಂದರೆ ಗುಣಕವೇ ತಪ್ಪು. ಇದನ್ನು ಹಿಡಿಯಲು ಗುಣಾಕಾರವೇ ಬೇಡ: ವಿಮಾನದ ಇಂಧನ ನೀರಿಗಿಂತ ಹಗುರ, ಆದ್ದರಿಂದ ಕಿಲೋಗ್ರಾಂ ಸಂಖ್ಯೆ ಎಂದಿಗೂ ಲೀಟರ್ ಸಂಖ್ಯೆಗಿಂತ ದೊಡ್ಡದಾಗಲಾರದು. 7,682 ಲೀಟರ್ 13,597 ಕಿಲೋಗ್ರಾಂ ಆಗುವುದು ಸಾಧ್ಯವೇ ಇಲ್ಲವೆಂದು ಕಾಗದ ನೋಡಿದೊಡನೆ ಹೇಳಬಹುದು. ತಪ್ಪು ತೂಕವನ್ನೇ ಕಂಪ್ಯೂಟರಿಗೂ ಉಣಿಸಿದ್ದರಿಂದ ಹಾರಾಟದುದ್ದಕ್ಕೂ ಅದು ಸಾಕಷ್ಟು ಇಂಧನವಿದೆ ಎಂದೇ ತೋರಿಸುತ್ತಿತ್ತು.

2005ರ ಆಗಸ್ಟ್ 6ರಂದು ಸಿಸಿಲಿಯ ಪಲೆರ್ಮೊ ಬಳಿ ಸಮುದ್ರಕ್ಕಿಳಿದ ಟ್ಯುನಿಂಟರ್ ಸಂಸ್ಥೆಯ ಎಟಿಆರ್ 72ರಲ್ಲಿ ಮಾಪಕ ಖಾಲಿಯಾಗಿರಲಿಲ್ಲ, ಅದಕ್ಕಿಂತ ಕೆಟ್ಟದಾಗಿತ್ತು: ಎಟಿಆರ್ 42ರ ಮಾಪಕವನ್ನು ಅದಕ್ಕೆ ಕೂರಿಸಿದ್ದರು, ಅದು ಇಲ್ಲದ ಇಂಧನವನ್ನು ಇದೆಯೆಂದು ತೋರಿಸುತ್ತಿತ್ತು. 39 ಮಂದಿಯಲ್ಲಿ 16 ಮಂದಿ ಸತ್ತರು. ಮಾಪಕ ಬದಲಿಸಿದ ದಿನ ಹಳೆಯ ಮಾಪಕದ ಕೊನೆಯ ಅಂಕಿಗೆ ತುಂಬಿದ್ದನ್ನು ಕೂಡಿಸಿ ಹೊಸ ಅಂಕಿಯ ಜೊತೆ ತಾಳೆ ನೋಡಬೇಕು; ರಸೀದಿಯಿಲ್ಲದೆ ಇಂಧನ ಹೆಚ್ಚಿದ್ದರೆ ಅದು ಮಾಪಕದ ತಪ್ಪು.

ನೆಲದ ಮೇಲೆ ಬೇರು ಹುಡುಕುವುದು

236ರ ಸೋರಿಕೆಯ ಬೇರು ಹಾರಾಟಕ್ಕೆ ಕೆಲವೇ ದಿನಗಳ ಮೊದಲು ನಡೆದ ಎಂಜಿನ್ ಬದಲಾವಣೆಯಲ್ಲಿತ್ತು. ಪೋರ್ಚುಗಲ್‌ನ ವಿಮಾನ ಅಪಘಾತ ತನಿಖಾ ಸಂಸ್ಥೆ ಅದನ್ನು ವಿವರವಾಗಿ ದಾಖಲಿಸಿದೆ. ಬದಲಿಗೆ ಬಂದ ರೋಲ್ಸ್ ರಾಯ್ಸ್ ಟ್ರೆಂಟ್ ಎಂಜಿನ್ ಹಳೆಯ ವಿನ್ಯಾಸದ ಸ್ಥಿತಿಯಲ್ಲಿತ್ತು. ತೆಗೆದ ಎಂಜಿನ್ ಸುಧಾರಿತ ವಿನ್ಯಾಸದ್ದು. ಎಂಜಿನ್ ಸ್ವೀಕರಿಸುವಾಗಲೂ ಕೆಲಸ ಯೋಜಿಸುವಾಗಲೂ ಈ ವ್ಯತ್ಯಾಸವನ್ನು ಯಾರೂ ಗುರುತಿಸಲಿಲ್ಲ. ತೆಗೆದ ಎಂಜಿನ್‌ನ ಹೈಡ್ರಾಲಿಕ್ ಪಂಪನ್ನು ಕೂರಿಸಲು ಹೋದಾಗ ಹೊಂದದೆ, ಇಂಧನ ಕೊಳವೆಯನ್ನೂ ತೆಗೆದ ಎಂಜಿನ್‌ನಿಂದಲೇ ತಂದು ಹಾಕಿದರು. ಹೈಡ್ರಾಲಿಕ್ ಕೊಳವೆ ಮಾತ್ರ ಹಳೆಯ ವಿನ್ಯಾಸದ್ದಾಗಿಯೇ ಉಳಿಯಿತು. ಇದಕ್ಕೆ ಸಂಬಂಧಿಸಿದ ತಯಾರಕರ ಸೇವಾ ಪ್ರಕಟಣೆ ಇದೆಯೆಂದು ತಂಡಕ್ಕೆ ಗೊತ್ತಾಗಿತ್ತು, ಆದರೆ ಅದನ್ನು ತೆರೆದು ಓದದೆ ಬಾಯಿಮಾತಿನ ಸಲಹೆಯ ಮೇಲೆ ಕೆಲಸ ಮುಗಿಸಿದರು.

ಎರಡು ಕೊಳವೆಗಳ ನಡುವೆ ಅಂತರ ಬೇಕು; ಅದನ್ನು ಕೊಳವೆಯನ್ನು ಸ್ವಲ್ಪ ಬಲವಾಗಿ ತಳ್ಳಿ ಹಿಡಿದು ಪಡೆದರು. ಬಿಗಿದ ಗಳಿಗೆಯಲ್ಲಿ ಅಂತರ ಇತ್ತು, ತಪಾಸಣೆಯಲ್ಲೂ ಕಂಡಿತು. ಆದರೆ ಹೈಡ್ರಾಲಿಕ್ ಕೊಳವೆಯಲ್ಲಿ ಒತ್ತಡ ತುಂಬಿದೊಡನೆ ಅದು ತನ್ನ ಸಹಜ ಆಕಾರಕ್ಕೆ ಮರಳಿ ಇಂಧನ ಕೊಳವೆಯನ್ನು ತಾಗಿತು, ಕಂಪನದಲ್ಲಿ ಉಜ್ಜಿ ಉಜ್ಜಿ ಬಿರುಕು ಬಿಡಿಸಿತು. ಕೊಳವೆಯೊಂದನ್ನು ಕೂರಿಸಲು ಬಲ ಹಾಕಬೇಕಾಗಿ ಬಂದರೆ, ಅದು ಆ ಜಾಗದ ಭಾಗವಲ್ಲವೆಂಬ ಮೊದಲ ಸಾಕ್ಷ್ಯವೇ ಅದು ಎಂದು ತಿಳಿದು, ಎರಡೂ ಭಾಗಗಳ ಸಂಖ್ಯೆಗಳನ್ನು ಕೆಟಲಾಗ್ ಜೊತೆಗೂ ಸೇವಾ ಪ್ರಕಟಣೆಯ ಜೊತೆಗೂ ಹೋಲಿಸುವ ತನಕ ಕೈ ತಡೆಯಬೇಕು.

ಈ ಘಟನೆಯ ಬಳಿಕ ರೋಲ್ಸ್ ರಾಯ್ಸ್ ಆ ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಎಚ್ಚರಿಸಿತು. ಅಸಮತೋಲನ ಕಂಡಾಗ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಕ್ರಾಸ್‌ಫೀಡ್ ತೆರೆಯಬಾರದೆಂದು ಹಾರಾಟ ಕೈಪಿಡಿಗಳನ್ನು ಫ್ರಾನ್ಸಿನ ವಾಯುಯಾನ ಪ್ರಾಧಿಕಾರದ ಆದೇಶದಂತೆ ತಿದ್ದಲಾಯಿತು. ಎಂಜಿನ್‌ಗಳು ಉರಿಸಬಲ್ಲದ್ದಕ್ಕಿಂತ ಹೆಚ್ಚು ಇಂಧನ ಕಳೆಯುತ್ತಿದ್ದರೆ ಎಚ್ಚರಿಸುವಂತೆ ಏರ್‌ಬಸ್ ತನ್ನ ಕಂಪ್ಯೂಟರುಗಳನ್ನು ಮಾರ್ಪಡಿಸಿತು. ಮೇಲೆ ಹೇಳಿದ ಕೂಡುವ ಲೆಕ್ಕವನ್ನು ಈಗ ಯಂತ್ರವೂ ಮಾಡುತ್ತದೆ. ಆದರೆ ಕೊಳವೆಗಳ ನಡುವಿನ ಅಂತರವನ್ನು ಅಳೆಯುವವರು ಇಂದಿಗೂ ಹ್ಯಾಂಗರಿನಲ್ಲಿರುವ ಮನುಷ್ಯರೇ, ಆದ್ದರಿಂದ ಅಳತೆಯನ್ನು ಕೊಳವೆ ಖಾಲಿಯಿದ್ದಾಗ ಒಮ್ಮೆ, ಪೂರ್ಣ ಒತ್ತಡ ತುಂಬಿದಾಗ ಮತ್ತೊಮ್ಮೆ, ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ ತೆಗೆದು, ಮೂರನ್ನೂ ದಾಖಲೆಯಲ್ಲಿ ಬರೆದ ಮೇಲೆಯೇ ಎಂಜಿನ್‌ನ ಹೊದಿಕೆಯನ್ನು ಮುಚ್ಚಬೇಕು.